ಜೆ.ಸಿ. ರಸ್ತೆಯಲ್ಲಿ ಒಂದು ಕಪ್ಲರ್

ಬೆಂಗಳೂರಿನ ಮಿನರ್ವ ವೃತ್ತದಿಂದ ಪುರಭವನದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಗೆ ಎರಡು ಮುಖ. ನಾಟಕಪ್ರಿಯರಿಗೆ ಅದು ರವೀಂದ್ರ ಕಲಾಕ್ಷೇತ್ರದ ರಸ್ತೆ. ವಾಹನವಿದ್ದವರಿಗೆ ಬಿಡಿಭಾಗಗಳ ಪೇಟೆ. ಹಾರನ್ನು, ಕನ್ನಡಿ, ದೀಪ, ಸೀಟಿನ ಹೊದಿಕೆ ಎಲ್ಲವೂ ಇಲ್ಲಿವೆ. ಕಾರು ಸ್ವಲ್ಪ ನಿಧಾನಿಸಿದರೂ ಸಾಕು, ಅಂಗಡಿಯ ಹುಡುಗರು ರಸ್ತೆಗೇ ಬಂದು ಕೈಬೀಸುತ್ತಾರೆ. ಎಷ್ಟೋ ಸಲ ನಾಟಕಕ್ಕೆ ಹೋಗಿದ್ದ ನಾನು ಈ ಎರಡನೆಯ ಮುಖವನ್ನು ಕಂಡದ್ದು ನಮ್ಮ ಕಾರಿಗೆ ನಡುಕ ಹಿಡಿದ ಮೇಲೆ.

ಹನ್ನೆರಡು ವರ್ಷದ ಪೆಟ್ರೋಲ್ ಕಾರು. ಸಿಗ್ನಲ್‌ನಲ್ಲಿ ನಿಂತರೆ ಚಳಿಜ್ವರ ಬಂದವರಂತೆ ಅದುರುತ್ತಿತ್ತು, ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತಿತ್ತು. ಸರ್ವಿಸ್ ಕೇಂದ್ರವೊಂದರಲ್ಲಿ ಎಂಜಿನ್ನಿನ ಇಡೀ ವೈರಿಂಗನ್ನೇ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತ ಮಗಳ ಕಾಲೇಜು ಶುಲ್ಕದ ಕಂತಿಗೆ ಹತ್ತಿರವಿತ್ತು. ಕಂತು ಕಟ್ಟಲು ಉಳಿದಿದ್ದದ್ದು ಹತ್ತೇ ದಿನ.

ಶನಿವಾರ ಅವಳನ್ನೂ ಕರೆದುಕೊಂಡು ಅಡ್ಡರಸ್ತೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆ. ಎಲ್ಲರೂ ಅವರನ್ನು 'ಉಸ್ತಾದ್' ಎನ್ನುತ್ತಾರೆ. ಅವರು ಎಂಜಿನ್ನಿನ ನೆತ್ತಿಯ ಮೇಲಿದ್ದ ಇಗ್ನಿಷನ್ ಕಾಯಿಲ್‌ಗಳ ಕಪ್ಲರ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರಿಗೆ ಗ್ಯಾರೇಜಿನಲ್ಲಿ ಅದೇ ಹೆಸರು. ಎರಡನೆಯದರ ಲಾಕು ಮುರಿದಿತ್ತು. ವರ್ಷಗಟ್ಟಲೆ ಎಂಜಿನ್ನಿನ ಶಾಖದಲ್ಲಿ ಬೆಂದ ಪ್ಲಾಸ್ಟಿಕ್ಕು ಹಪ್ಪಳದಂತಾಗಿರುತ್ತದೆ. ಯಾರೋ ಬಿಚ್ಚುವಾಗ ಪಟ್ಟೆಂದಿದೆ. ಲಾಕು ಹೋದ ಮೇಲೆ ಕಪ್ಲರ್ ಅಲುಗಾಡಿ, ತೇವ ಸೇರಿ, ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದ ಮಗಳು ಮೀಟರ್ ಹಿಡಿದು, "ಹನ್ನೆರಡು ವೋಲ್ಟ್ ಬರ್ತಾ ಇದೆಯಲ್ಲ, ವೈರ್ ಸರಿ ಇದೆ" ಎಂದಳು. ಉಸ್ತಾದ್ ಅದೇ ವೈರಿಗೆ ಒಂದು ಬಲ್ಬು ಹಚ್ಚಿದರು. ಅದು ಮಂಕಾಗಿ ಉರಿಯಿತು. "ಒಳಗೆ ಒಂದೆರಡು ಎಳೆ ಉಳಿದಿದ್ರೂ ಮೀಟರಿಗೆ ಸಾಕಮ್ಮ. ಬಲ್ಬಿಗೆ ಕರೆಂಟು ಬೇಕಲ್ಲ, ಅಲ್ಲಿ ಬಣ್ಣ ಬಯಲು." ಅವಳು ಬಲ್ಬನ್ನು ಪಕ್ಕದ ವೈರಿಗೂ ಹಚ್ಚಹೋದಾಗ ಮಾತ್ರ ಗಾಬರಿಯಿಂದ ಕೈ ತಡೆದರು. ಅದು ಕಂಪ್ಯೂಟರಿನಿಂದ ಬರುವ ಸಿಗ್ನಲ್ ವೈರು. ಬಲ್ಬು ಎಳೆಯುವ ಕರೆಂಟನ್ನು ತಾಳದೆ ಕಂಪ್ಯೂಟರೇ ಕೆಡಬಹುದು.

ಗಿಡ್ಡ ವೈರುಗಳ ಸಮೇತ ಹೊಸ ಕಪ್ಲರ್ ನಾಲ್ಕನೆಯ ಅಂಗಡಿಯಲ್ಲಿ ಸಿಕ್ಕಿತು. ಬೆಲೆ ಮಗಳ ಒಂದು ಪಠ್ಯಪುಸ್ತಕಕ್ಕಿಂತ ಕಡಿಮೆ!

ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿದರು. ಮೂರು ವೈರುಗಳನ್ನು ಒಟ್ಟಿಗೆ ಕತ್ತರಿಸಲಿಲ್ಲ. ಒಂದನ್ನು ಕತ್ತರಿಸಿ, ಜೋಡಿಸಿ, ಆಮೇಲೆ ಇನ್ನೊಂದು. ಅದಲುಬದಲಾಗುವ ಮಾತೇ ಇಲ್ಲ. ಮೂರು ಜೋಡಣೆಗಳೂ ಒಂದೇ ಕಡೆ ಗಂಟಾಗದಂತೆ ಮೇಲೆ ಕೆಳಗೆ ಬರುವಂತೆ ನೋಡಿಕೊಂಡರು. ಬೆಸುಗೆ ಹಾಕುವುದಿಲ್ಲವೇ ಎಂದು ಮಗಳು ಕೇಳಿದಳು. ಲ್ಯಾಬಿನಲ್ಲಿ ಅವಳು ಕಲಿತದ್ದು ಅದನ್ನೇ. ಉಸ್ತಾದ್ ಬೆಸುಗೆ ಹಾಕಿದ ಹಳೆಯ ವೈರಿನ ತುಂಡೊಂದನ್ನು ಹುಡುಕಿ ಅವಳ ಕೈಗಿತ್ತು, ಬಾಗಿಸಲು ಹೇಳಿದರು. ಐದಾರು ಸಲ ಬಾಗಿಸುವಷ್ಟರಲ್ಲಿ ಬೆಸುಗೆ ಮುಗಿಯುವ ಅಂಚಿನಲ್ಲೇ ಅದು ಮುರಿಯಿತು. ಸೀಸ ಎಳೆಗಳೊಳಗೆ ಹರಿದು ವೈರು ಕಡ್ಡಿಯಂತಾಗುತ್ತದೆ. ಸದಾ ನಡುಗುವ ಎಂಜಿನ್ನಿನ ಮೇಲೆ ಅದು ಬಾಳುವುದಿಲ್ಲ. ಹಾಗಾಗಿ ಲೋಹದ ಕೊಳವೆಯಲ್ಲಿ ಎರಡು ತುದಿ ತೂರಿಸಿ ಇಕ್ಕಳದಿಂದ ಒತ್ತುವ ಕ್ರಿಂಪಿಂಗೇ ಮೇಲು. ಮೂರನೆಯ ವೈರನ್ನು ಅವಳೇ ಒತ್ತಿದಳು. ಉಸ್ತಾದ್ ಜಗ್ಗಿ ನೋಡಿದರು, ಕಳಚಿ ಬಂತು! "ಇನ್ನೊಮ್ಮೆ" ಎಂದರು, ಅಷ್ಟೇ. ಎರಡನೆಯ ಸಲ ನಿಂತಿತು. ಮೇಲೆ ಸ್ಲೀವ್ ಸರಿಸಿ ಬಿಸಿಗಾಳಿ ಹಾಯಿಸಿದಾಗ ಅದು ಕುಗ್ಗಿ ವೈರನ್ನು ಬಿಗಿಯಾಗಿ ಅಪ್ಪಿತು.

ಕಪ್ಲರನ್ನು ಒತ್ತಿದಾಗ 'ಟಿಕ್' ಎಂಬ ಸಣ್ಣ ಸದ್ದು. ಇನ್ನು ಮುಂದೆ ಬಿಚ್ಚುವಾಗ ಲಾಕನ್ನು ಒತ್ತಿ ಕಪ್ಲರಿನ ಮೈ ಹಿಡಿದೇ ಎಳೆಯಬೇಕು, ವೈರು ಹಿಡಿದು ಜಗ್ಗಬಾರದು ಎಂದು ನನಗೂ ಪಾಠವಾಯಿತು.

ಪುರಭವನದ ಸಿಗ್ನಲ್‌ನಲ್ಲಿ ನಿಂತಾಗ ಕಾರು ಅದುರಲಿಲ್ಲ. ಮುರಿದ ವೈರಿನ ತುಂಡು ಇನ್ನೂ ಮಗಳ ಕೈಯಲ್ಲೇ ಇತ್ತು. "ಅಪ್ಪಾ, ನಮ್ಮ ಲ್ಯಾಬಲ್ಲಿ ಕ್ರಿಂಪಿಂಗ್ ಇಕ್ಕಳ ಇದೆಯಾ ಅಂತ ಸೋಮವಾರ ಕೇಳ್ತೀನಿ" ಎಂದಳು.