ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು

ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಬಿಳಿ ಕಡ್ಡಿಗೆ ಕನ್ನಡದಲ್ಲಿ ಸೀಮೆಸುಣ್ಣ ಎಂದು ಹೆಸರು. ಸೀಮೆಎಣ್ಣೆ, ಸೀಮೆಬದನೆಗಳಂತೆ ಇದೂ ಹೊರನಾಡಿನಿಂದ ಬಂದದ್ದು ಎಂಬುದನ್ನು ಹೆಸರೇ ಹೇಳುತ್ತದೆ. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಗುಡ್ಡಸಾಲುಗಳೇ ಸೀಮೆಸುಣ್ಣದವು. ಸುಮಾರು 10 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಕವಚಗಳು ತಳಕ್ಕಿಳಿದು, ಪದರ ಪದರವಾಗಿ ಕೂಡಿ, ಮುಂದೆ ನೀರಿನಿಂದ ಮೇಲೆದ್ದು ಆ ಗುಡ್ಡಗಳಾದವು. ರಜಾದಿನಗಳಲ್ಲಿ ಅಲ್ಲಿನ ಜನ ಮನೆಮಂದಿಯೊಡನೆ ಆ ಗುಡ್ಡಗಳನ್ನು ಸುತ್ತಿ, ಹೊರಟ ಜಾಗಕ್ಕೇ ಮರಳುವ ಸುಲಭ ನಡಿಗೆಗೆ ಹೋಗುತ್ತಾರೆ.

ಮೈಸೂರಿನವರಿಗೆ ಸುಣ್ಣದ ಗುಡ್ಡವಿಲ್ಲ. ಆದರೆ ಅಂಥದೇ ಒಂದು ಸುತ್ತು ನಡಿಗೆ ಊರಿನ ನಡುವೆಯೇ ಇದೆ. ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಬೋಗಾದಿ ರಸ್ತೆ, ಮತ್ತೊಂದು ಕಡೆ ಮಾನಸಗಂಗೋತ್ರಿ. ಇವುಗಳ ಮಧ್ಯೆ ಇರುವುದೇ ಕುಕ್ಕರಹಳ್ಳಿ ಕೆರೆ. ದಡದ ಕಾಲುದಾರಿ ಸುಮಾರು ನಾಲ್ಕೂವರೆ ಕಿಲೋಮೀಟರ್. ಏರು ತಗ್ಗು ಹೆಚ್ಚಿಲ್ಲ. ಬಿರುಸಾಗಿ ನಡೆಯುವವರಿಗೆ ಒಂದು ಗಂಟೆ ಸಾಕು. ಮಕ್ಕಳೊಡನೆ ನಿಂತು ನೋಡುತ್ತಾ ಹೋದರೆ ಒಂದೂವರೆ ಗಂಟೆಯಾದೀತು. ದಿನವೂ ನೂರಾರು ಜನ ಆರೋಗ್ಯಕ್ಕಾಗಿ ಇಲ್ಲಿ ನಡೆಯುತ್ತಾರೆ. ಒಮ್ಮೆಯಾದರೂ ಕೆರೆಯನ್ನು ಅರಿಯುವ ಸಲುವಾಗಿ ನಡೆದರೆ ವಿಜ್ಞಾನದ ಎಷ್ಟೋ ಪಾಠಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಮೊದಲನೆಯ ಪಾಠ ಕಲ್ಲಿನದು. ಸೀಮೆಸುಣ್ಣದ ಗುಡ್ಡ ಮಳೆಯನ್ನು ಕುಡಿಯುತ್ತದೆ. ಬಿದ್ದ ನೀರು ಸೀಳುಗಳಲ್ಲಿ, ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಗುಡ್ಡದ ಬುಡದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಗುಡ್ಡದ ನೆತ್ತಿ ಒಣಗಿಯೇ ಇರುತ್ತದೆ. ನಮ್ಮ ಕಲ್ಲಿನ ಸ್ವಭಾವ ಬೇರೆ. ಹಳೆಯ ಮೈಸೂರಿನ ನೆಲದಡಿಯ ಪದರಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ಭೇದಿಸಿ ಮೇಲೆ ಬಂದ ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇಂಥ ಗಟ್ಟಿ ಕಲ್ಲಿನೊಳಕ್ಕೆ ನೀರು ಬಿರುಕು ಇದ್ದಲ್ಲಿ ಮಾತ್ರ ಇಳಿದೀತು. ಜೋರು ಮಳೆ ಬಂದರೆ ಹೆಚ್ಚಿನ ನೀರು ಇಳಿಜಾರು ಹುಡುಕಿಕೊಂಡು ಹರಿದುಹೋಗುತ್ತದೆ. ಹಾಗೆ ಓಡುವ ನೀರಿಗೆ ಅಡ್ಡಲಾಗಿ ಮಣ್ಣಿನ ಏರಿ ಕಟ್ಟಿ ನಿಲ್ಲಿಸಿದ್ದೇ ಕೆರೆ. ದಕ್ಷಿಣ ಕರ್ನಾಟಕದಲ್ಲಿ ಊರಿಗೊಂದು ಕೆರೆ ಇರುವುದಕ್ಕೆ ಹಿರಿಯರ ಧರ್ಮಬುದ್ಧಿಯಷ್ಟೇ ಈ ಕಲ್ಲೂ ಕಾರಣ.

ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರೂಪುಗೊಂಡಿತು. ಊರ ಹೊರಗಿನ ಜಮೀನುಗಳಿಗೆ ನೀರುಣಿಸುವುದು ಅದರ ಉದ್ದೇಶವಾಗಿತ್ತು. ಕೆಲಕಾಲ ಪಟ್ಟಣದ ಬಳಕೆಗೂ ನೀರು ಕೊಟ್ಟ ಕೆರೆಯಿದು. ಆಮೇಲೆ ಊರು ಬೆಳೆದು ಕೆರೆಯನ್ನು ದಾಟಿ ಮುಂದಕ್ಕೆ ಹೋಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಕುವೆಂಪು ಕುಲಪತಿಯಾಗಿದ್ದ ಕಾಲದಲ್ಲಿ ಕೆರೆಯ ಪಕ್ಕದ ವಿಶಾಲ ಜಾಗಕ್ಕೆ ಮಾನಸಗಂಗೋತ್ರಿ ಎಂಬ ಹೆಸರು ಬಂತು. ಕುವೆಂಪು ಅವರಿಗೆ ಈ ದಡ ವಾಯುಸಂಚಾರದ ದಾರಿಯಾಗಿತ್ತು. ಆರ್.ಕೆ. ನಾರಾಯಣ್ ಅವರ ಆತ್ಮಕಥೆ ‘ಮೈ ಡೇಸ್’ನಲ್ಲಿಯೂ ಈ ಕೆರೆ ಬರುತ್ತದೆ.

ನಡಿಗೆಯನ್ನು ಏರಿಯಿಂದ ಆರಂಭಿಸುವುದು ಒಳ್ಳೆಯದು. ಕೆರೆಯ ಅಂಗಾಂಗಗಳ ಪರಿಚಯ ಮಕ್ಕಳಿಗೆ ಅಲ್ಲಿಯೇ ಆಗಬೇಕು. ಏರಿ ಎಂದರೆ ನೀರನ್ನು ತಡೆದು ನಿಲ್ಲಿಸುವ ಒಡ್ಡು. ತಳದಲ್ಲಿ ಅಗಲ, ಮೇಲೆ ಕಿರಿದು; ನೀರು ಆಳವಾದಷ್ಟೂ ಒತ್ತಡ ಹೆಚ್ಚುತ್ತದೆ ಎಂಬ ಭೌತಶಾಸ್ತ್ರದ ನಿಯಮವನ್ನು ಒಡ್ಡರು ಪುಸ್ತಕವಿಲ್ಲದೆ ತಿಳಿದಿದ್ದರು. ತೂಬು ಎಂದರೆ ಬೇಕಾದಾಗ ಬೇಕಾದಷ್ಟು ನೀರನ್ನು ಹೊರಬಿಡುವ ಬಾಯಿ. ಕೋಡಿ ಎಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿ ಹರಿದುಹೋಗುವ ಜಾಗ. ಕೋಡಿ ಇಲ್ಲದ ಕೆರೆಯ ಏರಿ ಒಂದೇ ದೊಡ್ಡ ಮಳೆಗೆ ಒಡೆದೀತು.

ಏರಿ ದಾಟಿ ಮಾನಸಗಂಗೋತ್ರಿಯ ಕಡೆಗೆ ಹೋದಂತೆ ಮರಗಳ ನೆರಳು ಸಿಗುತ್ತದೆ. ಅಲ್ಲಿಂದ ನೀರಿನಾಚೆ ಚಾಮುಂಡಿ ಬೆಟ್ಟ ಕಾಣುತ್ತದೆ. ಕೆರೆಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯ ಕೊಕ್ಕಿನಡಿಯ ಚೀಲ ಮೀನು ಕೂಡಿಡುವ ಬುತ್ತಿಯೆಂದು ಹಲವರು ತಿಳಿದಿದ್ದಾರೆ. ಅದು ನಿಜವಾಗಿ ಒಂದು ಬಲೆ. ನೀರಿನೊಡನೆ ಮೀನನ್ನು ಮೊಗೆದು, ನೀರನ್ನು ಹೊರಚೆಲ್ಲಿ, ಮೀನನ್ನು ನುಂಗುವುದಕ್ಕೆ ಇರುವಂಥದು. ಒಣ ಕೊಂಬೆಯ ಮೇಲೆ ರೆಕ್ಕೆ ಹರಡಿ ಕುಳಿತ ನೀರುಕಾಗೆ ಮತ್ತು ಹಾವಕ್ಕಿಗಳನ್ನೂ ಮಕ್ಕಳಿಗೆ ತೋರಿಸಬೇಕು. ಬಾತುಕೋಳಿಯ ಗರಿಯಂತೆ ಇವುಗಳ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ. ನೆನೆದ ಗರಿಯಿಂದ ಮುಳುಗುವುದು ಸುಲಭ, ಆದರೆ ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಲೇಬೇಕು. ಒಂದು ಸಣ್ಣ ದುರ್ಬೀನು ಇದ್ದರೆ ಇವೆಲ್ಲ ಇನ್ನೂ ಚೆನ್ನಾಗಿ ಕಾಣುತ್ತವೆ.

ಹೆಚ್ಚಿನವರು ಗಮನಿಸದೆ ದಾಟುವ ಭಾಗವೆಂದರೆ ಕೆರೆಗೆ ನೀರು ಬರುವ ಕಡೆ. ಏರಿ, ತೂಬು, ಕೋಡಿಗಳು ಎಷ್ಟು ಭದ್ರವಾಗಿದ್ದರೂ ಮೇಲಿನಿಂದ ನೀರು ಬಾರದಿದ್ದರೆ ಕೆರೆ ಬರಿಯ ಹಳ್ಳ. ದಿವಾನ್ ಪೂರ್ಣಯ್ಯನವರು 19ನೆಯ ಶತಮಾನದ ಆರಂಭದಲ್ಲಿ ಕಾವೇರಿ ನೀರನ್ನು ಮೈಸೂರಿಗೆ ತರಲು ನಾಲೆಯೊಂದನ್ನು ತೋಡಿಸಿದರು. ಆ ಯೋಜನೆ ಕೈಗೂಡಲಿಲ್ಲ. ಆದರೆ ಪೂರ್ಣಯ್ಯ ನಾಲೆ ವ್ಯರ್ಥವಾಗಲಿಲ್ಲ. ದಾರಿಯುದ್ದಕ್ಕೂ ಮಳೆನೀರನ್ನು ಕೂಡಿಸಿಕೊಂಡು ಈ ಕೆರೆಗೆ ತಂದು ಸುರಿಯುತ್ತಿತ್ತು. ಊರು ಹಬ್ಬಿದಂತೆ ನಾಲೆಯ ಹಲವು ಭಾಗಗಳು ಮುಚ್ಚಿಹೋದವು, ಒತ್ತುವರಿಯಾದವು. ಮಳೆನೀರು ಕಡಿಮೆಯಾಗಿ, ಅದರ ಜಾಗದಲ್ಲಿ ಬಡಾವಣೆಗಳ ಚರಂಡಿ ನೀರು ಕೆರೆಗೆ ಇಳಿಯತೊಡಗಿತು. ಪಡುವಾರಹಳ್ಳಿ ಕಡೆಯಿಂದ ಕೊಳೆನೀರು ಬರುವ ದೂರು ಪತ್ರಿಕೆಗಳಲ್ಲಿ ಎಷ್ಟೋ ಬಾರಿ ಬಂದಿದೆ.

ಇದರ ಪರಿಣಾಮವನ್ನು ಹತ್ತನೆಯ ತರಗತಿಯ ಹುಡುಗನೂ ವಿವರಿಸಬಲ್ಲ. ಕೊಳೆನೀರಿನಲ್ಲಿ ಸಾರಜನಕ, ರಂಜಕದ ಅಂಶಗಳು ಹೇರಳ. ಅವು ಪಾಚಿಗೆ ಗೊಬ್ಬರ. ಪಾಚಿ ವಿಪರೀತ ಬೆಳೆದು ನೀರು ಹಸಿರಾಗುತ್ತದೆ. ಹಗಲಿನಲ್ಲಿ ಅದೇ ಪಾಚಿ ಆಮ್ಲಜನಕ ಬಿಟ್ಟರೂ ರಾತ್ರಿ ಉಸಿರಾಟಕ್ಕೆ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಉಸಿರಿಗೆ ಸಾಲದಾಗಿ ಮೀನು ಸಾಯುತ್ತದೆ. ಮೀನು ಹೋದರೆ ಹೆಜ್ಜಾರ್ಲೆಗೆ ಇಲ್ಲಿ ಕೆಲಸವಿಲ್ಲ. ದಡಕ್ಕೆ ಎಷ್ಟೇ ಚಂದದ ಕಲ್ಲುಬೆಂಚು, ದೀಪಗಳನ್ನು ಹಾಕಿದರೂ ಈ ಸರಣಿಯನ್ನು ಅವು ತಡೆಯಲಾರವು. ಕೆರೆಯ ಆರೋಗ್ಯ ನಿರ್ಧಾರವಾಗುವುದು ಏರಿಯ ಮೇಲಲ್ಲ, ನೀರು ಬರುವ ದಾರಿಯಲ್ಲಿ.

ಮಕ್ಕಳಿಗೆ ಒಂದು ಲೆಕ್ಕವನ್ನು ದಾರಿಯಲ್ಲಿಯೇ ಮಾಡಿಸಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೈಸೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಹೆಕ್ಟೇರಿಗೆ 10,000 ಚದರ ಮೀಟರ್. ಎಂದರೆ ಒಂದೊಂದು ಹೆಕ್ಟೇರಿನ ಮೇಲೂ ವರ್ಷಕ್ಕೆ 80 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಆವಿಯಾದದ್ದು, ಇಂಗಿದ್ದು ಕಳೆದು ಕಾಲುಭಾಗ ಹರಿದು ಬಂತೆಂದುಕೊಂಡರೂ 20 ಲಕ್ಷ ಲೀಟರ್. ಈ ಲೆಕ್ಕ ಮಾಡಿದ ಹುಡುಗಿಗೆ ತನ್ನ ಮನೆಯ ಚಾವಣಿಯ ನೀರು ಎಲ್ಲಿಗೆ ಹೋಗುತ್ತದೆ, ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಬಾರದೆ ಇರದು. ಅದಕ್ಕೆ ಉತ್ತರ ಹುಡುಕುವುದು ತಂದೆ-ತಾಯಿಯರ ಪಾಲಿನ ಮನೆಪಾಠ.

ನಡಿಗೆಗೆ ಹೊರಡುವವರು ದಡದ ಬಾಗಿಲು ತೆರೆಯುವ ವೇಳೆಯನ್ನು ವಿಚಾರಿಸಿಕೊಂಡು, ಬಿಸಿಲೇರುವ ಮುನ್ನ ಹೋಗುವುದು ಲೇಸು. ಕುಡಿಯುವ ನೀರು, ತಲೆಗೊಂದು ಟೋಪಿ ಸಾಕು. ಹಕ್ಕಿಗಳಿಗೆ ತಿಂಡಿ ಎಸೆಯುವುದು, ಪ್ಲಾಸ್ಟಿಕ್ ಚೀಲ ಬಿಟ್ಟುಬರುವುದು ಬೇಡ. ಮಕ್ಕಳನ್ನು ನೀರಿನಂಚಿಗೆ ಇಳಿಯಲು ಬಿಡಬಾರದು. ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಹೋಗಿ ನೀರಿನ ಬಣ್ಣ, ವಾಸನೆ, ಮಟ್ಟ, ಕಂಡ ಹಕ್ಕಿಗಳ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಟ್ಟರೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪ್ರಾಜೆಕ್ಟ್ ಬೇರೆ ಬೇಕಿಲ್ಲ. ನಾಲ್ಕೈದು ವರ್ಷಗಳ ಅಂಥ ಬರವಣಿಗೆ ಕೆರೆಯ ಪರವಾಗಿ ಮಾತಾಡಬೇಕಾದಾಗ ಬಲವಾದ ಸಾಕ್ಷಿಯೂ ಆಗುತ್ತದೆ.