ವಾಟ್ಕಿನ್ಸ್ ಗ್ಲೆನ್ ಕಂದರದ ಝರಿಗಳು

ಅಮೆರಿಕಾ ದೇಶದ ನಯಾಗರಾ ಜಲಪಾತದ ಹೆಸರನ್ನು ಕೇಳದವರು ವಿರಳ. ಮಗನ ಮನೆಗೆ ಹೋಗಿದ್ದಾಗ ಅದನ್ನು ನಾವೂ ನೋಡಿದೆವು. ವಾಚಕರಿಗೆ ಆ ವರ್ಣನೆ ಹೊಸದಲ್ಲವಾದುದರಿಂದ ಇಲ್ಲಿ ಬಿಟ್ಟಿದ್ದೇವೆ. ಅದೇ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಸೆನೆಕಾ ಸರೋವರದ ದಕ್ಷಿಣದ ತುದಿಯಲ್ಲಿ, ವಾಟ್ಕಿನ್ಸ್ ಗ್ಲೆನ್ ಎಂಬ ಚಿಕ್ಕ ಊರಿರುವುದು. ಊರಬೀದಿಯ ಪಕ್ಕದಲ್ಲಿಯೇ ಕಾಡುಗಂದರವೊಂದು ಬಾಯ್ದೆರೆದಿದೆ. ಅದರೊಳಗೆ ಎರಡು ಮೈಲಿಗಳಲ್ಲಿ 19 ಝರಿಗಳು. 1863ರಿಂದ ಯಾತ್ರಿಕರು ಬರುತ್ತಿದ್ದ ಈ ಸ್ಥಳವನ್ನು ಸಂಸ್ಥಾನದ ಸರಕಾರವು 1906ರಲ್ಲಿ ಕೊಂಡು ಸಾರ್ವಜನಿಕ ವನವನ್ನಾಗಿ ಮಾಡಿತು.

"ಮೇಲಿನ ಬಾಗಿಲಿಗೆ ಮೋಟಾರಿನಲ್ಲಿ ಬಿಡುತ್ತೇನೆ ಅಪ್ಪ, ಅಲ್ಲಿಂದ ಇಳಿದು ಬನ್ನಿ" ಎಂದನು ಮಗ. ಮೆಟ್ಟಿಲುಗಳು 832 ಎಂದು ಕೇಳಿದೊಡನೆ ನಮಗೆ ಹಠ ಹುಟ್ಟಿತು. ಮೂವತ್ತು ವರ್ಷ ನಿಂತು ಪಾಠ ಹೇಳಿದ ಕಾಲುಗಳು ಏರಲಾರವೇ? ಅವನನ್ನು ಮೇಲೆ ಕಾದಿರಲು ಕಳುಹಿಸಿದೆವು. ಗೃಹಿಣಿಯು ಏನೂ ಹೇಳದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಇಕ್ಕೆಲದ ಬಂಡೆಗಳು 200 ಅಡಿಗಳವರೆಗೆ ಎದ್ದಿವೆ. ಓಲೆಗರಿಯ ಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಪದರಪದರಗಳು. ಹಿಮಯುಗದಲ್ಲಿ ನೀರ್ಗಲ್ಲಿನ ಮಹಾರಾಶಿಯು ಸರೋವರದ ಕಣಿವೆಯನ್ನು ಆಳವಾಗಿ ಕೊರೆಯಿತು. ಪಕ್ಕದ ಹಳ್ಳವು ಎತ್ತರದಲ್ಲಿಯೇ ಉಳಿಯಿತು. ಅಂದಿನಿಂದ ಸುಮಾರು 12,000 ವರ್ಷ ಆ ಹಳ್ಳವು ಕಲ್ಲನ್ನು ಸವೆಸುತ್ತ ಬಂದಿದೆ. ಮೃದುವಾದ ಪದರ ಬೇಗ ಕರಗುವುದು, ಗಟ್ಟಿಯಾದುದು ಹೊಸ್ತಿಲಾಗಿ ನಿಲ್ಲುವುದು, ಅಲ್ಲೊಂದು ಝರಿ. ಒಂದೆಡೆ ದಾರಿಯು ನೀರಿನ ತೆರೆಯ ಹಿಂದೆಯೇ ಹಾಯುತ್ತದೆ. ಅಲ್ಲಿ ನಮ್ಮ ಕನ್ನಡಕ ತೊಯ್ದು ಕಣ್ಣು ಕಾಣದಾಯಿತು. (ಅಮರಕೋಶದಲ್ಲಿ 'ಪ್ರಪಾತ'ವೆಂದರೆ ಕಡಿದಾದ ಬಂಡೆ, ನೀರಿಗೆ 'ನಿರ್ಝರ', 'ಝರ'. ಇಲ್ಲಿ ಎರಡೂ ಉಂಟು.)

ಕಮಾನಿನ ಸೇತುವೆಯ ಬಳಿ, ಮಳೆಬಿಲ್ಲಿನ ಝರಿಯೆಂಬಲ್ಲಿ, ನಮ್ಮ ಮೊಣಕಾಲು ನಡುಗತೊಡಗಿತು. ಕಲ್ಲಿನ ಮೋಟುಗೋಡೆಯ ಮೇಲೆ ಕುಳಿತೆವು. 1935ರ ಜುಲೈ ತಿಂಗಳ ಮಹಾಪ್ರವಾಹದಲ್ಲಿ ಹಿಂದಿನ ದಾರಿ ಹಾಳಾಗಲು, ಕೆಲಸವಿಲ್ಲದೆ ಅಲೆಯುತ್ತಿದ್ದ ತರುಣರನ್ನು ಸರಕಾರವು ದಂಡು ಕಟ್ಟಿ, ಇಲ್ಲಿನ ಕಲ್ಲುದಾರಿಯ ಕೆಲಸಕ್ಕೆ ಹಚ್ಚಿತು. ಆ ದಂಡಿನವರ ಸಂಬಳ ತಿಂಗಳಿಗೆ 30 ಡಾಲರು. ಅದರಲ್ಲಿ ಸುಮಾರು 25 ನೇರವಾಗಿ ಅವರ ಮನೆಗೆ ಹೋಗುತ್ತಿತ್ತು. ನಮ್ಮ ಶಿಷ್ಯರಲ್ಲಿಯೂ ಓದು ಬಿಟ್ಟು ಮನೆಗೆ ಹಣ ಕಳುಹಿಸಿದವರಿದ್ದರು. ಅವರ ಮುಖಗಳು ನೆನಪಿಗೆ ಬಂದುವು.

"ಕೆಳಗಿನಿಂದಲೂ ಮೆಟ್ಟಿಲು ಎಣಿಸುತ್ತಲೇ ಬಂದಿರಿ. ನೀರನ್ನು ನೋಡಿದಿರಾ?" ಎಂದಳು ಗೃಹಿಣಿ.

ಉತ್ತರ ಹೊಳೆಯಲಿಲ್ಲ. ಬಂಡೆಯ ಅಂಚಿನಿಂದ ಎಳೆಎಳೆಯಾಗಿ ನೀರು ಹಾಸುಂಬೆಯ ಮೇಲೆ ಜಾರುತ್ತಿತ್ತು. ಮೋಡವಿದ್ದುದರಿಂದ ಮಳೆಬಿಲ್ಲು ಕಾಣಲಿಲ್ಲ. ಬಹಳ ಹೊತ್ತು ಹಾಗೆಯೇ ಕುಳಿತಿದ್ದೆವು.

ಕೊನೆಯ 180 ಮೆಟ್ಟಿಲುಗಳ ಏಣಿಯನ್ನು ನಾವು ಏರಲಿಲ್ಲ. ಹೋಗುವವರು ನೆನಪಿಡತಕ್ಕದ್ದು: ಚಳಿಗಾಲದಲ್ಲಿ ಕಂದರದ ದಾರಿಯನ್ನು ಮುಚ್ಚುತ್ತಾರೆ, ಕಲ್ಲು ಸದಾ ಒದ್ದೆಯಾಗಿರುವುದರಿಂದ ಚಪ್ಪಲಿ ಸಲ್ಲದು. ಮೇಲೆ ಕಾದಿದ್ದ ಮಗನು ಮೋಟಾರನ್ನು ತಿರುಗಿಸಿಕೊಂಡು ಕೆಳಗೆ ಬಂದು, "ಕೊನೆಗೂ ಇಳಿದೇ ಬಂದಿರಲ್ಲ ಅಪ್ಪ!" ಎಂದು ನಕ್ಕನು.