ತೊಗಲಿನ ಗೀರು

ಸೋಫಾ ಮೇಲೆ ಬೆಕ್ಕು ಉಗುರು ಎಳೆದಿದೆಯಾ? ಹೊಸ ಬ್ಯಾಗಿಗೆ ಬೈಕ್ ಕೀ ತಾಗಿ ಗೀರು ಬಿದ್ದಿದೆಯಾ? ಮೊದಲು ಕೈಯಲ್ಲಿರೋ ಕೊಬ್ಬರಿ ಎಣ್ಣೆ ಬಾಟಲಿ ಕೆಳಗಿಡಿ. ಸ್ಯಾನಿಟೈಸರ್ ಅಂತೂ ಹತ್ತಿರ ತರಲೇಬೇಡಿ. 2020ರಲ್ಲಿ ಕಂಡದ್ದಕ್ಕೆಲ್ಲ ಅದನ್ನೇ ಒರೆಸಿ ಬಣ್ಣ ಕಿತ್ತುಹೋದ ಬ್ಯಾಗು, ಪರ್ಸುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದರಲ್ಲಿರುವ ಆಲ್ಕೋಹಾಲ್ ತೊಗಲಿನ ಮೇಲಿನ ಬಣ್ಣದ ಪದರವನ್ನೇ ಎಬ್ಬಿಸುತ್ತದೆ.

ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುವವನು. ಊರು ಶಹಾಪುರ–ಸುರಪುರ ನಡುವಿನ ಒಂದು ಹಳ್ಳಿ. ಶಹಾಪುರಕ್ಕೆ ಬಂದವರು ಮಲಗಿದ ಬುದ್ಧನ ಬೆಟ್ಟದ ಫೋಟೋ ತೆಗೆದುಕೊಂಡು ಹೋಗ್ತಾರೆ. ನನಗೆ ಶಹಾಪುರ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂತ ಅಪ್ಪ, ಮುಂದೆ ಆರಿ, ಉಳಿ, ರಂಪಿಗೆ, ಮೇಣ ತಿಕ್ಕಿದ ದಾರ. ಶಾಲೆ ರಜೆಯಲ್ಲಿ ನಾನು ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ತಿಕ್ಕುತ್ತಿದ್ದೆ. ಅಪ್ಪ ಹೇಳಿಕೊಟ್ಟ ಮೊದಲ ಪಾಠ, "ತಮ್ಮಾ, ಯಾವ ತೊಗಲು ಅಂತ ಮೊದ್ಲ ನೋಡು. ಆಮ್ಯಾಲ ಆರಿ ಹಿಡಿ."

ಆ ಪಾಠ ಸೋಫಾಗೂ ಅಷ್ಟೇ ನಿಜ. ಕಣ್ಣಿಗೆ ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಹಾಕಿ. ಹನಿ ಇಂಗಿ ಜಾಗ ಕಪ್ಪಾದರೆ ಅದು ಮೇಲೆ ಪದರವಿಲ್ಲದ ತೊಗಲು. ಮಣಿಯ ಹಾಗೆ ನಿಂತರೆ ಮೇಲೆ ಬಣ್ಣದ ಪದರ ಇದೆ ಅಂತ. ಇನ್ನು ಕೆಳಗಡೆ ಅಂಚು ಮಗುಚಿ ನೋಡಿದಾಗ ನಾರುನಾರಾದ ಒಳಮೈ ಬದಲು ಬಟ್ಟೆ ಕಂಡರೆ, ಅದು ರೆಕ್ಸಿನ್ ಜಾತಿಯದು, ಅಂಗಡಿಯವನು ಏನೇ ಹೆಸರು ಹೇಳಿರಲಿ. ಅದು ಒಂದು ದಿನ ಹಪ್ಪಳದಂತೆ ಎದ್ದು ಬರುತ್ತದೆ. ಅದಕ್ಕೆ ಯಾವ ಕ್ರೀಮೂ ಇಲ್ಲ. ಕವರ್ ಹೊಲಿಸಿ.

ಪದರವಿಲ್ಲದ ತೊಗಲಿನ ಸಣ್ಣ ಗೀರಿಗೆ ನಿಮ್ಮ ಬೆರಳೇ ಸಾಕು. ಗೀರಿನ ಮೇಲೆ ಬೆರಳಿಟ್ಟು ಮೆಲ್ಲಗೆ ತಿಕ್ಕಿ. ಮೈಬಿಸಿಗೆ ತೊಗಲೊಳಗಿನ ಎಣ್ಣೆ, ಮೇಣ ಸ್ವಲ್ಪ ಸರಿದು ಗೀರು ಮಂಕಾಗುತ್ತದೆ. ಉಳಿದದ್ದಕ್ಕೆ ಕಡಲೆಕಾಳಿನಷ್ಟು ಲೆದರ್ ಕಂಡೀಷನರ್.

ಆದರೆ ನಮ್ಮ ಮನೆಗಳ ಹೆಚ್ಚಿನ ಸೋಫಾಗಳು ಬಣ್ಣದ ಪದರದವು. ಇಲ್ಲೇ ಕೊಬ್ಬರಿ ಎಣ್ಣೆ ಕೆಡಿಸೋದು. ನಮ್ಮ ಕಡೆ ರೈತರ ಕೆರಕ್ಕೆ ಔಡಲೆಣ್ಣೆ ಕುಡಿಸುತ್ತಿದ್ದರು. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಬರೀ ತೊಗಲು ಅದು, ಯಾದಗಿರಿಯ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ಒಣಗಿ ಬಿರಿಯುತ್ತಿತ್ತು. ಎಣ್ಣೆ ಎಲ್ಲ ಕಡೆ ಸಮನಾಗಿ ಇಳಿಯುತ್ತಿತ್ತು. ನಿಮ್ಮ ಸೋಫಾದಲ್ಲಿ ಅದು ಪದರ ಹರಿದ ಗೀರಿನೊಳಗೆ ಮಾತ್ರ ಇಳಿಯುತ್ತದೆ. ಇವತ್ತು ಗೀರು ಮಾಯವಾದಂತೆ ಕಂಡು, ತಿಂಗಳಲ್ಲಿ ಧೂಳು ಕೂತು ಕಪ್ಪು ಗೆರೆ ಆಗುತ್ತದೆ. ಶೂ ಪಾಲಿಶ್ ಹಚ್ಚಿದರೆ ಬಂದ ನೆಂಟರ ಬಿಳಿ ಪ್ಯಾಂಟಿಗೆ ಬಣ್ಣ.

ಇದಕ್ಕೆ ಬೇಕಾದದ್ದು ತೊಗಲಿನ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ನಾರನ್ನು ತೀರಾ ನಯವಾದ ಉಪ್ಪು ಕಾಗದದಿಂದ ಒಂದೆರಡು ಸಲ ಸವರಿ. ಸ್ಪಂಜಿನ ತುದಿಯಲ್ಲಿ ಬಣ್ಣ ತಗೊಂಡು ತೆಳ್ಳಗೆ ಒತ್ತಿ. ಒಣಗಲಿ. ಮತ್ತೊಮ್ಮೆ. ಒಂದೇ ಸಲ ದಪ್ಪ ಹಚ್ಚಿದರೆ ಗೀರಿಗಿಂತ ತೇಪೆಯೇ ಎದ್ದು ಕಾಣುತ್ತದೆ. ಕೊನೆಗೆ ಮೇಲೆ ಬಣ್ಣವಿಲ್ಲದ ಫಿನಿಶ್. ಟ್ಯೂಬ್‌ಲೈಟಿನಲ್ಲಿ ಬಣ್ಣ ಹೊಂದಿಸಲು ಹೋಗಬೇಡಿ, ಬೆಳಿಗ್ಗೆ ಕಿಟಕಿ ಹತ್ತಿರ ನೋಡಿ. ಹರಿದೇ ಹೋಗಿದ್ದರೆ ಒಳಗೆ ಬಟ್ಟೆ ಕೊಟ್ಟು ಅಂಟಿಸಬೇಕು, ಅದು ಬೇರೆ ಕಥೆ.

ಅಪಾರ್ಟ್‌ಮೆಂಟಿನಲ್ಲಿ ಹೀಗೆ ಒಂದು ಬ್ಯಾಗು, ಒಂದು ರಿಕ್ಲೈನರ್ ಸರಿ ಮಾಡಿಕೊಟ್ಟೆ. "ಯಾವ ಯೂಟ್ಯೂಬ್ ಚಾನೆಲ್ ನೋಡಿ ಕಲಿತ್ರಿ?" ಅಂತ ಮೂರನೇ ಮಹಡಿ ಮೇಡಂ ಕೇಳಿದರು. "ಮನೇಲೇ ಕಲ್ತಿದ್ದು" ಅಂದೆ. ನಕ್ಕು, ಮೈಸೂರು ಪಾಕ್ ಡಬ್ಬಿ ಕೊಟ್ಟು ಹೋದರು. ಇಂಜಿನಿಯರ್ ತೊಗಲು ಮುಟ್ಟಿದರೆ ಅದು ಹಾಬಿ.

ಯುಗಾದಿಗೆ ಅಪ್ಪ ಬಂದಿದ್ದ. ಅದೇ ಮೇಡಂ ಬಂದವರು, "ಅಂಕಲ್, ನಿಮ್ಮ ಮಗನಿಗೆ ಈ ಹಾಬಿ ಹೇಗೆ ಹತ್ತಿತು?" ಅಂದರು. ಅಪ್ಪ ಪೇಪರ್ ಮಡಚಿಟ್ಟ. "ಹಾಬಿ ಅಂದ್ರ ಏನ್ರಿ? ನಾವು ಸಮಗಾರರು. ಶಹಾಪುರದಾಗ ಮೂವತ್ತು ವರ್ಷ ಚಪ್ಲಿ ಹೊಲ್ದೀನ್ರಿ." ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ "ಓ, ನೈಸ್" ಅಂದರು. ಚಹಾ ಅರ್ಧ ಉಳಿಯಿತು.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ತೊಗಲಿನಲ್ಲೇ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ನಿಮಗೂ ಗೊತ್ತು. ಬಸವ ಜಯಂತಿ ಭಾಷಣಗಳಲ್ಲಿ ಕೇಳಿರುತ್ತೀರಿ. ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ನಮ್ಮ ಸಾಲಿನಲ್ಲೇ 'ಹರಳಯ್ಯ' ಅನ್ನೋ ಹೆಸರೂ ಇದೆ. ಕಥೆ ಕೇಳುವಾಗ ಯಾರೂ ಚಹಾ ಅರ್ಧಕ್ಕೆ ಬಿಡುವುದಿಲ್ಲ.

ಮಾರನೇ ದಿನ ಸೆಕ್ಯುರಿಟಿಯವನ ಕೈಯಲ್ಲಿ ಒಂದು ಕವರ್ ಬಂತು. ಒಳಗೆ ಅವರ ಯಜಮಾನರ ಆಫೀಸ್ ಬ್ಯಾಗು, ಬೆಲ್ಟು. ಜೊತೆಗೆ ಮೆಸೇಜು: "ಎಷ್ಟಾಗತ್ತೆ ಹೇಳಿ." ನನಗೆ ಮೈ ಉರಿಯಿತು. ನಿನ್ನೆವರೆಗೆ ನೆರೆಮನೆಯವನು, ಇವತ್ತು ರೇಟು ಕೇಳಬೇಕಾದವನು. ವಾಪಸ್ ಕಳಿಸಲು ಹೊರಟೆ.

ಅಪ್ಪ ತಡೆದ. "ಯಾಕ ಸಿಟ್ಟು? ಮಿಠಾಯಿ ಡಬ್ಬಿಗೆ ದುಡ್ಯಾಂವ ನೀ ಹುಚ್ಚ. ಕೆಲಸಕ್ಕ ರೊಕ್ಕ ಕೇಳ್ಯಾರ, ಹೇಳು."

"ಮೊದ್ಲ ಯಾಕ ಕೇಳಲಿಲ್ಲ ಮತ್ತ?"

"ಅದು ನನಗೂ ತಿಳಿತದ," ಅಂದ ಅಪ್ಪ. ಬ್ಯಾಗು ಎತ್ತಿಕೊಂಡು ಬಾಲ್ಕನಿಯ ಬೆಳಕಿಗೆ ಹೋದ. ಅಂಚು ಮಗುಚಿ ನೋಡಿದ, ಮೂಸಿದ, ಹೆಬ್ಬೆರಳಿನಿಂದ ಒತ್ತಿದ. "ಛಲೋ ತೊಗಲು ಅದ. ನಾನೂರೈವತ್ತು ಹೇಳು. ಕಡಿಮಿ ಮಾಡಬ್ಯಾಡ."

ಹೇಳಿದೆ. ಐದು ನಿಮಿಷದಲ್ಲಿ ಫೋನ್‌ಪೇ ಬಂತು. ಮಧ್ಯಾಹ್ನದವರೆಗೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಮೂರು ಪದರ ಬಣ್ಣ ಹಿಡಿದೆವು, ಗೀರು ಎಲ್ಲಿತ್ತು ಅಂತ ನಾನೇ ಹುಡುಕಬೇಕಾಯಿತು. ಬೆಲ್ಟನ್ನು ಮಾತ್ರ ಅಪ್ಪ ಹಾಗೇ ಕವರಿಗೆ ಹಾಕಿದ. ಅದರ ಮೇಲೆ ದೊಡ್ಡ ಮುದ್ರೆ ಇತ್ತು, ಬೆಲೆಯೂ ದೊಡ್ಡದೇ ಇದ್ದಿರಬೇಕು.

"ಇದು ತೊಗಲಲ್ಲ ಅಂತ ಅವರಿಗೆ ಹೇಳು," ಅಂದ. "ಹೇಳೂಮುಂದ ನಗಬ್ಯಾಡ."